ತಿನ್ನಗೊಡದ ಹುಲ್ಲು

(ಮಂಗಳೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ತುಳುವರ ಆಟಿ ತಿಂಗಳು ಬಂತೆಂದರೆ ಮಂಗಳೂರಿನ ಮಾರುಕಟ್ಟೆಗೆ ಕಣಿಲೆ, ಅಂದರೆ ಬಿದಿರಿನ ಎಳೆ ಚಿಗುರು, ಬರುತ್ತದೆ. ಕೊಂಕಣಿ ಮನೆಗಳಲ್ಲಿ ಅದು ಕೀರ್ಲು, ಘಟ್ಟ ಹತ್ತಿದರೆ ಕಳಲೆ, ಕೊಡಗಿನಲ್ಲಿ ಬೈಂಬಳೆ. ಹೆಸರು ಯಾವುದಿದ್ದರೂ ಅಡುಗೆಮನೆಯ ಶಿಸ್ತು ಒಂದೇ. ಹೊರಗಿನ ಸಿಪ್ಪೆ ಬಿಡಿಸಬೇಕು, ಸಣ್ಣಗೆ ಹೆಚ್ಚಬೇಕು, ನೀರಿನಲ್ಲಿ ಮುಳುಗಿಸಿಡಬೇಕು, ದಿನದಿನವೂ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಎರಡು ಮೂರು ದಿನ ಕಳೆಯದೆ ಅದು ಒಲೆಗೆ ಏರುವಂತಿಲ್ಲ. ಅವಸರದ ಮದುಮಗಳೂ ಈ ನಿಯಮ ಮೀರುವುದಿಲ್ಲ, ಅತ್ತೆ ಬಿಡುವುದೂ ಇಲ್ಲ. ಆ ನೀರಿನಲ್ಲಿ ಏನು ಹೋಗುತ್ತದೆ, ಬಿದಿರು ಅದನ್ನು ಯಾಕೆ ಮಾಡಿಟ್ಟುಕೊಂಡಿತ್ತು ಎಂಬ ಪ್ರಶ್ನೆಯಿಂದಲೇ ಇವತ್ತಿನ ಮಾತನ್ನು ಶುರು ಮಾಡುತ್ತೇನೆ.

ಬಿದಿರು ಮರದಷ್ಟು ಎತ್ತರ ಬೆಳೆದರೂ ಹುಲ್ಲಿನ ಕುಟುಂಬದ್ದು. ಭತ್ತ, ಜೋಳ, ರಾಗಿ, ಮೆಕ್ಕೆಜೋಳ, ಕಬ್ಬು, ಲಾವಂಚ, ಮಜ್ಜಿಗೆಹುಲ್ಲು, ಗದ್ದೆಬದುವಿನ ಗರಿಕೆ ಎಲ್ಲವೂ ಆ ಕುಟುಂಬದವೇ. ಈ ಕುಟುಂಬಕ್ಕೆ ಮುಳ್ಳು ಕಡಿಮೆ, ಹಾಲುಸೊನೆಯಿಲ್ಲ. ಆದ್ದರಿಂದ ಹುಲ್ಲು ಎಂದರೆ ಯಾರು ಬೇಕಾದರೂ ಮೇಯಬಹುದಾದ ಬಡಪಾಯಿ ಗಿಡ ಎಂದು ನಾವು ಎಣಿಸಿಕೊಂಡಿದ್ದೇವೆ. ಅದು ನಿಜವಲ್ಲ. ಹುಲ್ಲಿನ ಎಲೆಯಲ್ಲಿ, ಸುಳಿಯಲ್ಲಿ, ಕಾಂಡದ ರಸದಲ್ಲಿ ಕೀಟವನ್ನು ತಡೆಯುವ ರಾಸಾಯನಿಕಗಳಿವೆ. ಕೆಲವು ಕೊಲ್ಲುತ್ತವೆ. ಹೆಚ್ಚಿನವು ಕೊಲ್ಲುವ ಗೋಜಿಗೆ ಹೋಗದೆ ಬಾಯಿ ಇಟ್ಟ ಹುಳ ಬಾಯಿ ತೆಗೆಯುವಂತೆ ಮಾಡುತ್ತವೆ. ಈ ಎರಡನೆಯ ಬಗೆಯ ಮೇಲೆ ನನಗೆ ಹೆಚ್ಚಿನ ಅಕ್ಕರೆ. ಇವುಗಳನ್ನು ಅಡುಗೆಮನೆಯಲ್ಲಿ ಇಷ್ಟು ಚೆನ್ನಾಗಿ ಬಲ್ಲ ನಾವು ಗದ್ದೆಯಲ್ಲಿ, ತಳಿ ಆರಿಸುವ ಹೊತ್ತಿನಲ್ಲಿ, ಇವುಗಳಿಗೆ ತಕ್ಕ ಜಾಗ ಕೊಟ್ಟಿಲ್ಲ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ.

ಕಣಿಲೆಯೊಳಗಿನ ಪದಾರ್ಥದ ಹೆಸರು ಟ್ಯಾಕ್ಸಿಫಿಲಿನ್. ಒಂದು ಸಕ್ಕರೆಯ ಅಣುವಿಗೆ ಸಯನೈಡನ್ನು ಬಿಡಬಲ್ಲ ಒಂದು ತುಣುಕು ಅಂಟಿಕೊಂಡಿರುವ ರಚನೆ. ಅಂಟಿಕೊಂಡಿರುವಷ್ಟು ಕಾಲ ಅದರಿಂದ ಯಾರಿಗೂ ಬಾಧೆಯಿಲ್ಲ. ಅದನ್ನು ಬಿಡಿಸುವ ಕಿಣ್ವವೂ ಅದೇ ಚಿಗುರಿನಲ್ಲಿದೆ, ಆದರೆ ಬೇರೆ ಕೋಣೆಯಲ್ಲಿ. ಕಚ್ಚಿದಾಗ, ಕೊಚ್ಚಿದಾಗ ಗೋಡೆ ಒಡೆದು ಎರಡೂ ಕೂಡುತ್ತವೆ, ಆಗ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ವೀಳ್ಯದೆಲೆ, ಅಡಿಕೆ, ಸುಣ್ಣ ಬೇರೆಬೇರೆಯಾಗಿ ತಟ್ಟೆಯಲ್ಲಿದ್ದಾಗ ಯಾವುದೂ ಕೆಂಪಲ್ಲ, ಬಾಯಲ್ಲಿ ಸೇರಿದಾಗ ಮಾತ್ರ ಕೆಂಪು. ಬಿದಿರಿನ ಏರ್ಪಾಡೂ ಹಾಗೆಯೇ, ಬಾಯಿ ಇಟ್ಟವರ ಬಾಯಲ್ಲೇ ಅದು ನಡೆಯುತ್ತದೆ. ಗಿಡಕ್ಕೆ ತನ್ನದೇ ವಿಷದಿಂದ ಅಪಾಯವಿಲ್ಲ.

ಕೆಲವು ಬಿದಿರು ಜಾತಿಗಳ ಹಸಿ ಚಿಗುರಿನಲ್ಲಿ ಕಿಲೋಗೆ 1,000 ಮಿಲಿಗ್ರಾಂವರೆಗೆ ಸಯನೈಡ್ ಬಿಡುಗಡೆಯಾಗಬಲ್ಲದು, ಬುಡಕ್ಕಿಂತ ತುದಿಯಲ್ಲಿ ಹೆಚ್ಚು. ಎಳೆಯದು, ಮುಂದೆ ಬೆಳೆಯಬೇಕಾದದ್ದು ಎಲ್ಲಿದೆಯೋ ಅಲ್ಲಿ ಕಾವಲೂ ಗಟ್ಟಿ. ಈಗ ನಮ್ಮ ಹಿರಿಯರ ವಿಧಾನವನ್ನು ನೋಡಿ. ಸಣ್ಣಗೆ ಹೆಚ್ಚುವುದೆಂದರೆ ಎಷ್ಟು ಸಾಧ್ಯವೋ ಅಷ್ಟು ಕೋಣೆಗಳ ಗೋಡೆ ಒಡೆಯುವುದು, ಕಿಣ್ವಕ್ಕೆ ಕೆಲಸ ಮುಗಿಸಲು ಬಿಡುವುದು. ನೀರು ಬದಲಿಸುವುದೆಂದರೆ ಹೊರಬಂದದ್ದನ್ನು ತೊಳೆದು ಹಾಕುವುದು. ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗೇ ಕುದಿದು ಆವಿಯಾಗುವ ವಸ್ತು, ಟ್ಯಾಕ್ಸಿಫಿಲಿನ್ ಕೂಡ ಕುದಿಯುವ ನೀರಿನಲ್ಲಿ ಬೇಗ ಒಡೆಯುತ್ತದೆ. ಉಳಿದದ್ದೇನಾದರೂ ಇದ್ದರೆ ಮುಚ್ಚಳ ತೆರೆದು ಬೇಯಿಸುವಾಗ ಹೋಗುತ್ತದೆ. ರಸಾಯನಶಾಸ್ತ್ರದ ಪಾಠವಿಲ್ಲದೆ, ತಲೆಮಾರುಗಳ ಎಚ್ಚರದಿಂದ ಕಟ್ಟಿದ ಈ ಕ್ರಮದಲ್ಲಿ ಒಂದು ಹೆಜ್ಜೆಯೂ ಹೆಚ್ಚಿನದಿಲ್ಲ. ಮಡಗಾಸ್ಕರ್ ದ್ವೀಪದಲ್ಲಿ ಹೊನ್ನಿನ ಬಣ್ಣದ ಒಂದು ಲೀಮರ್ ಇದೆ. ಅದು ನೆನೆಸದೆ, ಬೇಯಿಸದೆ ಬಿದಿರಿನ ಚಿಗುರನ್ನೇ ತಿಂದು ಬದುಕುತ್ತದೆ. ಅದರ ಗಾತ್ರದ ಪ್ರಾಣಿಯನ್ನು ಕೊಲ್ಲಲು ಬೇಕಾದುದಕ್ಕಿಂತ ಎಷ್ಟೋ ಪಟ್ಟು ಸಯನೈಡ್ ಅದರ ದಿನದ ಊಟದಲ್ಲಿದೆ. ಯಾವ ರಕ್ಷಣೆಯೂ ಎಲ್ಲರ ಮೇಲೆ ನಡೆಯುವುದಿಲ್ಲ ಎಂಬುದನ್ನು ಇಲ್ಲೇ ಗುರುತಿಸಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಘಟ್ಟದ ಮೇಲಿನ ಜೋಳದ ಸೀಮೆಗೆ ಹೋಗೋಣ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯ ರೈತರು ಎಳೆ ಜೋಳಕ್ಕೆ ದನ ಬಿಡುವುದಿಲ್ಲ. ಮಳೆ ಕೈಕೊಟ್ಟು ಬಾಡಿದ ಜೋಳಕ್ಕೂ, ಕಟಾವಿನ ಮೇಲೆ ಒಡೆದ ಕುಳೆಗೂ ಬಿಡುವುದಿಲ್ಲ. ಮೇದ ದನ ನಿಂತಲ್ಲೇ ಬಿದ್ದು ಸತ್ತದ್ದನ್ನು ಅವರು ಕಂಡಿದ್ದಾರೆ. 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ಇಬ್ಬರು ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಜೋಳದಿಂದ ಆ ಪದಾರ್ಥವನ್ನು ಬೇರ್ಪಡಿಸಿ ಧುರಿನ್ ಎಂದು ಹೆಸರಿಟ್ಟರು. ಜೋಳದ ಧುರಿನ್ ಮತ್ತು ಬಿದಿರಿನ ಟ್ಯಾಕ್ಸಿಫಿಲಿನ್ ಎರಡರಲ್ಲಿಯೂ ಅವೇ ಪರಮಾಣುಗಳು, ಅವೇ ಜೋಡಣೆಗಳು. ಒಂದು ಇಂಗಾಲದ ಸುತ್ತ ಮಾತ್ರ ಎಡ–ಬಲದ ವ್ಯತ್ಯಾಸ. ಉತ್ತರ ಕರ್ನಾಟಕದ ದನಗಾಹಿಯ ಭಯ ಮತ್ತು ಮಂಗಳೂರಿನ ಅಜ್ಜಿಯ ನೀರಿನ ಪಾತ್ರೆ ಹೆಚ್ಚುಕಡಿಮೆ ಒಂದೇ ಅಣುವಿನ ಕಥೆ. ಇದನ್ನು ಮೊದಲ ಸಲ ಓದಿದಾಗ ಆದ ಬೆರಗು ನನಗೆ ಈಗಲೂ ಇಳಿದಿಲ್ಲ.

ಧುರಿನ್ ದನವನ್ನು ಕೊಲ್ಲುವುದು ಸರಿ, ಕೀಟವನ್ನು ತಡೆಯುತ್ತದೆಯೇ? 1970ರ ದಶಕದಲ್ಲಿ ವುಡ್‌ಹೆಡ್ ಮತ್ತು ಬರ್ನೇಸ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಜೋಳ ಮತ್ತು ಮಿಡತೆಯ ಮೇಲೆ ನಡೆಸಿದ ಕೆಲಸ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಎಳೆಯ ಗಿಡದ ಎಲೆಯನ್ನು ಮಿಡತೆ ಕಚ್ಚಿ ಬಿಟ್ಟುಬಿಡುತ್ತದೆ, ಬಲಿತ ಗಿಡದ ಎಲೆಯನ್ನು ತಿನ್ನುತ್ತದೆ. ಎಲೆಯಲ್ಲಿ ಒಟ್ಟು ಎಷ್ಟು ಧುರಿನ್ ಇದೆ ಎನ್ನುವುದರ ಜೊತೆಗೆ, ಕಚ್ಚಿದ ಕ್ಷಣದಲ್ಲಿ ಸಯನೈಡ್ ಎಷ್ಟು ಬೇಗ ಹೊರಬರುತ್ತದೆ ಎನ್ನುವುದೂ ಮುಖ್ಯ. ನಿಧಾನವಾಗಿ ಬಂದರೆ ಅಷ್ಟರೊಳಗೆ ತುತ್ತು ಹೊಟ್ಟೆ ಸೇರಿರುತ್ತದೆ. ಎಲೆಯ ಮೇಲಿನ ಮೇಣದಲ್ಲೂ ಒಂದು ತಡೆ ಇದೆ ಎಂದು ವುಡ್‌ಹೆಡ್ ಮುಂದೆ ತೋರಿಸಿದರು: ಪ್ಯಾರಾ–ಹೈಡ್ರಾಕ್ಸಿಬೆಂಜಾಲ್ಡಿಹೈಡ್. ಧುರಿನ್ ಒಡೆದಾಗ ಸಯನೈಡಿನ ಜೊತೆ ಹೊರಬೀಳುವ ಇನ್ನೊಂದು ಪದಾರ್ಥವೂ ಇದೇ. ಎಲೆಯ ಮೇಲೆ ಕಾಲಿಟ್ಟು ಮೀಸೆ ಮುಟ್ಟಿಸಿದ ಮಿಡತೆಗೆ, ಕಚ್ಚುವ ಮೊದಲೇ, ಒಳಗೇನಿದೆ ಎಂಬ ಸೂಚನೆ ಸಿಕ್ಕಿಬಿಡುತ್ತದೆ.

ಇನ್ನೂ ನೇರವಾದ ಪುರಾವೆ 2001ರಲ್ಲಿ ಕೋಪನ್‌ಹೇಗನ್ನಿನಿಂದ ಬಂತು. ಧುರಿನ್ ತಯಾರಿಸಲು ಜೋಳಕ್ಕೆ ಬೇಕಾಗುವ ಮೂರು ಜೀನ್‌ಗಳನ್ನು, ಧುರಿನ್ನೇ ಇಲ್ಲದ ಸಾಸಿವೆ ಜಾತಿಯ ಒಂದು ಪುಟ್ಟ ಗಿಡಕ್ಕೆ ಸೇರಿಸಿದರು. ಆ ಗಿಡ ಧುರಿನ್ ಮಾಡತೊಡಗಿತು, ಅದನ್ನು ತಿನ್ನುವ ಜೀರುಂಡೆ ದೂರ ಸರಿಯಿತು. ಮೂರೇ ಜೀನ್‌ಗಳು!

ಇಷ್ಟಾದರೂ ಜೋಳಕ್ಕೆ ಸುಳಿನೊಣ ಬೀಳುತ್ತದೆ, ಕಾಂಡ ಕೊರೆಯುವ ಹುಳು ಬೀಳುತ್ತದೆ. ಲೀಮರಿನ ಹಾಗೆ ಕೆಲವು ಕೀಟಗಳು ದಾರಿ ಕಂಡುಕೊಂಡಿವೆ. ಮೆಕ್ಕೆಜೋಳದಲ್ಲಿ ಇದು ಇನ್ನೂ ಸ್ಪಷ್ಟ. ರೈ ಎಂಬ ಶೀತದೇಶದ ಧಾನ್ಯದ ಮೇಲೆ ಕೆಲಸ ಮಾಡುತ್ತಿದ್ದ ಫಿನ್‌ಲೆಂಡಿನ ವಿರ್ಟಾನೆನ್ (1945ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು) ಮತ್ತು ಅವರ ಸಂಗಡಿಗರು ಬೆಂಜಾಕ್ಸಜಿನಾಯಿಡ್ ಎಂಬ ಗುಂಪಿನ ರಕ್ಷಣಾ ರಸಗಳನ್ನು ಕಂಡರು. ಅದರಲ್ಲಿ ಪ್ರಸಿದ್ಧವಾದುದು ಡಿಂಬೋವಾ. ಗೋಧಿಯಲ್ಲಿದೆ, ಮೆಕ್ಕೆಜೋಳದಲ್ಲಿದೆ, ಭತ್ತದಲ್ಲಿ, ಜೋಳದಲ್ಲಿ ಇಲ್ಲ. ಮೆಕ್ಕೆಜೋಳದ ಸಸಿ ಎಳೆಯದಿದ್ದಾಗ ಡಿಂಬೋವಾ ಹೇರಳ, ಬಲಿಯುತ್ತ ಹೋದಂತೆ ಇಳಿಮುಖ. ಅಮೆರಿಕದಲ್ಲಿ ಮೆಕ್ಕೆಜೋಳದ ಕಾಂಡಕೊರಕದ ಮೊದಲ ಪೀಳಿಗೆಯನ್ನು ಇದು ತಡೆಯುತ್ತದೆಂದು 1967ರಲ್ಲೇ ತೋರಿಸಿದರು. ಧುರಿನ್ನಿನಂತೆ ಇದನ್ನೂ ಗಿಡ ಸಕ್ಕರೆಗೆ ಅಂಟಿಸಿ ಇಡುತ್ತದೆ, ಹುಳ ಕಚ್ಚಿದಾಗ ಕಿಣ್ವ ಅದನ್ನು ಬಿಡಿಸುತ್ತದೆ.

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಭಾರತಕ್ಕೇ ಹೊಸದಾದ ಒಂದು ಹುಳು ಕಂಡಿತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. ರೈತರ ಬಾಯಲ್ಲಿ ಅದು ಲದ್ದಿ ಹುಳು. ಆಫ್ರಿಕ ದಾಟಿ ಬಂದ ಈ ಹುಳು ಕೆಲವೇ ತಿಂಗಳಲ್ಲಿ ದಾವಣಗೆರೆ, ಹಾವೇರಿಯ ಹೊಲಗಳನ್ನು ಜಾಲಾಡಿತು, ನೆರೆ ರಾಜ್ಯಗಳಿಗೂ ಹಬ್ಬಿತು. ಅದರ ಹೊಟ್ಟೆಯಲ್ಲಿ ಡಿಂಬೋವಾ ಏಕೆ ಕೆಲಸ ಮಾಡುವುದಿಲ್ಲ? ಗಿಡದ ಕಿಣ್ವ ಸಕ್ಕರೆಯಿಂದ ಬಿಡಿಸಿದ ಡಿಂಬೋವಾಕ್ಕೆ ಹುಳು ಮತ್ತೆ ಸಕ್ಕರೆ ಅಂಟಿಸುತ್ತದೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಆ ದಿಕ್ಕಿನಲ್ಲಿ ಅಂಟಿದ ಸಕ್ಕರೆಯನ್ನು ಗಿಡದ ಕಿಣ್ವ ಮತ್ತೆ ಬಿಡಿಸಲಾರದು. ಇದನ್ನು 2014ರಲ್ಲಿ ಜರ್ಮನಿಯ ಸಂಶೋಧಕರು ಬಿಡಿಸಿ ತೋರಿಸಿದರು. ಒಂದು ಅಣುವಿನ ಎಡ–ಬಲದಲ್ಲಿ ಹಾವೇರಿಯ ರೈತನ ಬೆಳೆ ಉಳಿಯುವುದು, ಹೋಗುವುದು ನಿರ್ಧಾರವಾಗುತ್ತದೆ. ಗಿಡದ ರಕ್ಷಣೆಯನ್ನು ಹೊಗಳುವವರು ಈ ಸೋಲನ್ನೂ ಹೇಳಬೇಕು. ಪ್ರಕೃತಿಯಲ್ಲಿದೆ ಎಂದಮಾತ್ರಕ್ಕೆ ಯಾವುದೂ ಅಜೇಯವಲ್ಲ.

ಕೀಟ ಗೆಲ್ಲುವುದು ಒಂದು ಕಡೆಯಾದರೆ, ನಾವೇ ಗಿಡದ ಕೈಯಿಂದ ಆಯುಧ ಕಿತ್ತುಕೊಂಡದ್ದು ಇನ್ನೊಂದು ಕಡೆ. ಮೆಕ್ಕೆಜೋಳದ ಬೇರನ್ನು ಒಂದು ಜೀರುಂಡೆಯ ಮರಿ ತಿನ್ನತೊಡಗಿದರೆ, ಬೇರು ಮಣ್ಣಿನೊಳಗೆ ಬೀಟಾ–ಕ್ಯಾರಿಯೊಫಿಲಿನ್ ಎಂಬ ಸುವಾಸನೆಯನ್ನು ಬಿಡುತ್ತದೆ. ನಮ್ಮ ಕರಿಮೆಣಸಿನ ಘಮದಲ್ಲೂ ಇರುವ ಪದಾರ್ಥವೇ ಅದು. ಆ ವಾಸನೆ ಹಿಡಿದು ಮಣ್ಣಿನ ಸೂಕ್ಷ್ಮ ಜಂತುಹುಳಗಳು ಬಂದು ಮರಿಯನ್ನು ಮುಗಿಸುತ್ತವೆ. 2005ರಲ್ಲಿ ಸ್ವಿಟ್ಜರ್ಲೆಂಡಿನ ಟರ್ಲಿಂಗ್ಸ್ ಅವರ ತಂಡ ಇದನ್ನು ಪ್ರಕಟಿಸಿತು. ಯುರೋಪಿನ ತಳಿಗಳೂ ಮೆಕ್ಕೆಜೋಳದ ಕಾಡು ಪೂರ್ವಜ ಟಿಯೊಸಿಂಟೆಯೂ ಈ ಕರೆ ಕೊಡುತ್ತವೆ. ಉತ್ತರ ಅಮೆರಿಕದ ಹೆಚ್ಚಿನ ತಳಿಗಳು ಕೊಡುವುದಿಲ್ಲ. ಅವುಗಳಲ್ಲಿ ಆ ಜೀನ್ ಮೂಕವಾಗಿದೆ. ತಳಿ ಆರಿಸಿದವರು ತೆನೆ ನೋಡಿದರು, ಕಾಳು ತೂಗಿದರು, ಬೇರಿನ ವಾಸನೆಯನ್ನು ಯಾರು ನೋಡಬೇಕು? ಯಾರೂ ಬೇಕೆಂದು ಬಿಟ್ಟದ್ದಲ್ಲ. ಅಳೆಯದೇ ಇದ್ದದ್ದು ಜಾರಿಹೋಯಿತು.

ಹುಲ್ಲಿನ ಕಥೆಯಲ್ಲಿ ಬಾಡಿಗೆ ಕಾವಲುಗಾರರೂ ಇದ್ದಾರೆ. ನ್ಯೂಜಿಲೆಂಡಿನ ಹುಲ್ಲುಗಾವಲುಗಳಲ್ಲಿ ರೈಗ್ರಾಸಿನ ಎಲೆಯೊಳಗೆ ಒಂದು ಶಿಲೀಂಧ್ರ ಬದುಕುತ್ತದೆ. ಹುಲ್ಲು ಅದಕ್ಕೆ ಊಟ ಕೊಡುತ್ತದೆ, ಅದು ಪೆರಮಿನ್ ಎಂಬ ಪದಾರ್ಥ ಮಾಡಿ ಕಾಂಡ ತಿನ್ನುವ ಸೊಂಡಿಲು ಹುಳವನ್ನು ದೂರ ಇಡುತ್ತದೆ. ಅದೇ ಶಿಲೀಂಧ್ರದ ಇನ್ನೊಂದು ವಿಷ ಕುರಿಗಳಿಗೆ ತಲೆತಿರುಗಿಸುವ ರೋಗ ತರುತ್ತಿತ್ತು. ಅಲ್ಲಿನ ವಿಜ್ಞಾನಿಗಳು ಪೆರಮಿನ್ ಉಳಿಸಿಕೊಂಡು ಕುರಿಗೆ ಬಾಧೆ ಕೊಡದ ಶಿಲೀಂಧ್ರವನ್ನು ಹುಡುಕಿ ಬೀಜದ ಜೊತೆಗೇ ರೈತರಿಗೆ ಕೊಟ್ಟರು. ಹುಳಕ್ಕೆ ಬೇಡವಾದದ್ದು ದನಕ್ಕೆ, ಮನುಷ್ಯನಿಗೆ ತೊಂದರೆಯಾಗದಂತೆ ಆರಿಸಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಕೀಟಕ್ಕೆ ಬೇಡವಾದ ಹುಲ್ಲುಗಳಲ್ಲಿ ನಮಗೆ ಪ್ರಿಯವಾದವೂ ಇವೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುವ ಲಾವಂಚದ ಬೇರಿನ ಎಣ್ಣೆಯಲ್ಲಿ ಗೆದ್ದಲನ್ನು ದೂರವಿಡುವ ಪದಾರ್ಥಗಳಿವೆ. ಅಮೆರಿಕದ ಲೂಯಿಸಿಯಾನದಲ್ಲಿ ಇದರ ಮೇಲೆ ಗಟ್ಟಿ ಕೆಲಸ ನಡೆದಿದೆ. ತಾಳೆಗರಿಗಳಿಗೆ ಮಜ್ಜಿಗೆಹುಲ್ಲಿನ ಎಣ್ಣೆ ಹಚ್ಚಿ ಹುಳ ಹಿಡಿಯದಂತೆ ಕಾಯುವುದು ದಕ್ಷಿಣ ಭಾರತದ ಗ್ರಂಥ ಭಂಡಾರಗಳಲ್ಲಿ ಇಂದಿಗೂ ಇದೆ. ಕೆನ್ಯಾದಲ್ಲಿ ಭಾರತ ಮೂಲದ ಕೀಟಶಾಸ್ತ್ರಜ್ಞ ಝಿಯಾವುರ್ ಖಾನ್ ಮತ್ತು ಇಂಗ್ಲೆಂಡಿನ ಜಾನ್ ಪಿಕೆಟ್ ಸೇರಿ, ಮೆಕ್ಕೆಜೋಳದ ಸಾಲುಗಳ ನಡುವೆ ಹುಳಕ್ಕೆ ಹಿಡಿಸದ ವಾಸನೆಯ ಗಿಡ ಬೆಳೆಸಿ, ಹೊಲದ ಸುತ್ತ ಹುಳವನ್ನು ಸೆಳೆಯುವ ನೇಪಿಯರ್ ಹುಲ್ಲು ಹಾಕಿ, ಕಾಂಡಕೊರಕದಿಂದ ಬೆಳೆ ಉಳಿಸಿದರು. ಮೊಲಾಸಿಸ್ ಹುಲ್ಲು ಎಂಬುದನ್ನು ನಡುವೆ ಬೆಳೆದರೆ ಕೊರಕ ಕಡಿಮೆಯಾಗುವುದಲ್ಲದೆ ಅದನ್ನು ಬೇಟೆಯಾಡುವ ಕಣಜ ಹೆಚ್ಚುತ್ತದೆ ಎಂದು ಅವರು 1997ರಲ್ಲಿ ತೋರಿಸಿದರು. ಇವುಗಳ ಬಗ್ಗೆ ಬೇರೆಯೇ ಉಪನ್ಯಾಸ ಆಗಬೇಕು.

ಹಾಗಾದರೆ ಗಿಡದಿಂದ ರಸ ತೆಗೆದು ಸಿಂಪಡಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಈ ಹಾದಿಯಲ್ಲಿ ನಮ್ಮ ದೇಶದ ಹೆಸರು ದೊಡ್ಡದು. 1960ರ ದಶಕದ ಆರಂಭದಲ್ಲಿ ದೆಹಲಿಗೆ ಮಿಡತೆಯ ದಂಡು ಬಂದಾಗ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್, ಜೋತ್ವಾನಿ ಮತ್ತು ರೈ, ಬೇವಿನ ಬೀಜದ ತಿರುಳನ್ನು ಅರೆದು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದರು. ದಂಡು ಬಂದು ಕೂತಿತು, ತಿನ್ನದೆ ಎದ್ದುಹೋಯಿತು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅದಕ್ಕೆ ಕಾರಣವಾದ ಅಜಾಡಿರಾಕ್ಟಿನ್ ಇಂಗ್ಲೆಂಡಿನಲ್ಲಿ ಬೇರ್ಪಟ್ಟದ್ದು 1968ರಲ್ಲಿ, ಪ್ರಯೋಗಾಲಯದಲ್ಲಿ ಅದನ್ನು ಮೊದಲಿನಿಂದ ಕಟ್ಟಲು ಸಾಧ್ಯವಾದದ್ದು 2007ರಲ್ಲಿ, ಅದೂ 22 ವರ್ಷಗಳ ಶ್ರಮದ ಬಳಿಕ. ಬೇವಿನ ಮರ ಅದನ್ನು ಪ್ರತಿ ವರ್ಷ ಕಾಯಿಕಾಯಿಯಲ್ಲೂ ಮಾಡುತ್ತದೆ.

ಆದರೆ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಕೆಡುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಏಣೆಲು ಬೆಳೆ ಗದ್ದೆಯಲ್ಲಿರುವ ನಾಲ್ಕೇ ತಿಂಗಳಲ್ಲಿ. ಬೆಳಿಗ್ಗೆ ಸಿಂಪಡಿಸಿದ್ದು ಮಧ್ಯಾಹ್ನಕ್ಕೆ ತೋಡು ಸೇರಿ, ಸಂಜೆಗೆ ನೇತ್ರಾವತಿ ಸೇರುತ್ತದೆ. ಬೇವಿನೆಣ್ಣೆಯಾದರೆ ನಷ್ಟ ರೈತನ ಜೇಬಿಗೆ ಮಾತ್ರ. ಬೇರೆ ವಿಷಗಳು ಸೇರಿದರೆ ಏನಾಗುತ್ತದೆಂದು ಈ ನೆಲಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದದ್ದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟು ದೇಶಕ್ಕೇ ತಡೆ ಹಾಕಿದ್ದು 2011ರ ಮೇ 13ರಂದು. ಅದೇ ವಿಷ ಬಿದ್ದ ನಮ್ಮ ಜಿಲ್ಲೆಯ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳಲ್ಲಿ ಇಂದಿಗೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳಿದ್ದಾರೆ, ಅವರನ್ನು ಎತ್ತಿ ಆಡಿಸುತ್ತಿದ್ದ ತಾಯಂದಿರಿಗೆ ವಯಸ್ಸಾಗುತ್ತಿದೆ. ಕೀಟನಾಶಕದ ಮಾತನ್ನು ಮಂಗಳೂರಿನಲ್ಲಿ ಆಡುವವರು ಅವರನ್ನು ಮರೆತು ಆಡಬಾರದು.

ಈ ಕಾರಣಕ್ಕೇ ನನಗೆ ಗಿಡದ ಒಳಗೇ ಇರುವ, ಮಳೆ ತೊಳೆಯಲಾರದ ರಕ್ಷಣೆ ಮುಖ್ಯವೆನಿಸುತ್ತದೆ. ಭತ್ತಕ್ಕೆ ಬರೋಣ.

ಭತ್ತದ ಕಂದು ಜಿಗಿಹುಳು ಕೆಲವೇ ಮಿಲಿಮೀಟರ್ ಉದ್ದದ್ದು. ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಬುಡದಲ್ಲಿ ಕೂತು ಸೂಜಿಯಂಥ ಬಾಯಿಯನ್ನು ಕಾಂಡದ ಆಹಾರನಾಳಕ್ಕೆ ಇಳಿಸಿ ರಸ ಹೀರುತ್ತದೆ. ಸಂಖ್ಯೆ ಹೆಚ್ಚಿದರೆ ಗದ್ದೆಯ ನಡುವೆ ದುಂಡಗೆ ಸುಟ್ಟಂತೆ ಪೈರು ಒಣಗುತ್ತದೆ. ಎಲೆಗೆ ಸಿಂಪಡಿಸಿದ್ದು ಅದಕ್ಕೆ ಸರಿಯಾಗಿ ತಾಗುವುದೇ ಇಲ್ಲ, ತಾಗುವುದು ಅದನ್ನು ತಿನ್ನುವ ಜೇಡಕ್ಕೆ. ಜೇಡ ಸತ್ತ ಗದ್ದೆಯಲ್ಲಿ ಜಿಗಿಹುಳು ಮೊದಲಿಗಿಂತ ಹೆಚ್ಚು. ಇಂಡೊನೇಷ್ಯ ಈ ಪಾಠವನ್ನು ಬೆಲೆ ತೆತ್ತು ಕಲಿತು 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಯೂರಿಯಾ ಮಿತಿಮೀರಿದರೂ ಹಾಗೆಯೇ. ರಸದಲ್ಲಿ ಅಮೈನೊ ಆಮ್ಲ ಹೆಚ್ಚಿ, ಹುಳಕ್ಕೆ ಹಬ್ಬ.

ಕೇರಳದ ಕುಟ್ಟನಾಡಿನಲ್ಲಿ 1973–74ರಲ್ಲಿ ಈ ಹುಳು ಭಾರಿ ಹಾನಿ ಮಾಡಿತು. ಅಲ್ಲಿನ ಮೊಂಕೊಂಬು ಭತ್ತ ಸಂಶೋಧನಾ ಕೇಂದ್ರದಿಂದ ಮುಂದೆ ಬಂದ ತಳಿಗಳಲ್ಲಿ ಒಂದು ಭದ್ರ, ಅದೇ ನಮ್ಮ ಎಂ.ಒ.4. ದಕ್ಷಿಣ ಕನ್ನಡ, ಉಡುಪಿಯ ಗದ್ದೆಗಳನ್ನು ದಶಕಗಳ ಕಾಲ ಆಳಿದ ಕೆಂಪಕ್ಕಿಯ ತಳಿ. ಕುಚಲಕ್ಕಿಗೆ ಚೆನ್ನ, ಇಳುವರಿ ಚೆನ್ನ ಎಂದು ನಾವು ಅದನ್ನು ಮೆಚ್ಚಿದೆವು. ಜಿಗಿಹುಳವನ್ನು ತಾಳಿಕೊಳ್ಳುವ ಗುಣ ಅದರಲ್ಲಿದೆಯೆಂದು ಎಷ್ಟು ಮಂದಿ ಬಲ್ಲರು?

ಈ ತಾಳಿಕೆ ಏನು ಎಂಬ ಹುಡುಕಾಟ ಫಿಲಿಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಶುರುವಾಯಿತು. ಭಾರತದ ಕೀಟಶಾಸ್ತ್ರಜ್ಞ ಎಂ.ಡಿ. ಪಾಠಕ್ ಅಲ್ಲಿ ಸಾವಿರಾರು ತಳಿಗಳ ಮೇಲೆ ಹುಳ ಬಿಟ್ಟು ನೋಡಿದರು. ಭಾರತದ್ದೇ ಆದ ಮುಡ್ಗೊ ಎಂಬ ತಳಿಯ ಮೇಲೆ ಜಿಗಿಹುಳು ಸೂಜಿ ಇಳಿಸುತ್ತಿತ್ತು, ಆದರೆ ಹೀರದೆ ಹಸಿದು ಸಾಯುತ್ತಿತ್ತು. ರಸವನ್ನು ತೆಗೆದು ಪರೀಕ್ಷಿಸಿದಾಗ ಹುಳಕ್ಕೆ ಹೀರಲು ಉತ್ತೇಜನ ಕೊಡುವ ಆಸ್ಪರಜಿನ್ ಅದರಲ್ಲಿ ಕಡಿಮೆಯಿತ್ತು. ಭತ್ತದ ರಸದಲ್ಲಿರುವ ಆಕ್ಸಾಲಿಕ್ ಆಮ್ಲ ಹೀರುವುದನ್ನು ನಿಲ್ಲಿಸುತ್ತದೆಂದು 1980ರ ಹೊತ್ತಿಗೆ ಕಂಡಿತು. 1990ರ ದಶಕದಲ್ಲಿ ಶಾಫ್ಟೊಸೈಡ್ ಮೊದಲಾದ ಫ್ಲೇವನಾಯಿಡ್‌ಗಳು ಆ ಪಟ್ಟಿಗೆ ಸೇರಿದವು. ಭತ್ತದಲ್ಲಿ ಧುರಿನ್ನಿನಂತೆ ಒಬ್ಬನೇ ವೀರನಿಲ್ಲ. ಹಲವು ಸಣ್ಣ ಸಣ್ಣ ತಡೆಗಳು ಕೂಡಿ ಹುಳಕ್ಕೆ ಆ ರಸ ಬೇಡವೆನಿಸುತ್ತದೆ.

ಮುಡ್ಗೊದ ಒಂದೇ ಜೀನನ್ನು ಹೊತ್ತ ಐ.ಆರ್.26 ತಳಿ 1973ರಲ್ಲಿ ಬಿಡುಗಡೆಯಾಯಿತು. ಎರಡು ಮೂರು ವರ್ಷಗಳಲ್ಲೇ ಅದನ್ನು ಹೀರಬಲ್ಲ ಜಿಗಿಹುಳು ಹುಟ್ಟಿಕೊಂಡಿತು. ಒಂದೇ ಬೀಗ, ಒಂದೇ ತಳಿ, ಲಕ್ಷಾಂತರ ಎಕರೆ: ಕೀಟಕ್ಕೆ ಇದಕ್ಕಿಂತ ಸುಲಭದ ಪರೀಕ್ಷೆ ಯಾರೂ ಒಡ್ಡಲಾರರು. ಇದಕ್ಕೆ ವಿರುದ್ಧವಾಗಿ, ಮಂಗಳೂರು–ಶೊರನೂರು ರೈಲು ಮಾರ್ಗದಲ್ಲೇ ಇರುವ ಪಟ್ಟಾಂಬಿಯ ತಳಿಯೊಂದಿದೆ. 1927ರಲ್ಲಿ ಶುರುವಾದ ಅಲ್ಲಿನ ಸಂಶೋಧನಾ ಕೇಂದ್ರ ಸ್ಥಳೀಯ ಭತ್ತಗಳಿಂದಲೇ ಆರಿಸಿಕೊಟ್ಟ ಪಿಟಿಬಿ 33. ಅದರಲ್ಲಿ ಒಂದಕ್ಕಿಂತ ಹೆಚ್ಚು ನಿರೋಧಕ ಜೀನ್‌ಗಳಿವೆ. ಐ.ಆರ್.26 ಸೋತು ದಶಕಗಳೇ ಕಳೆದರೂ ಪಿಟಿಬಿ 33 ನಿಂತಿದೆ. ಇಂದಿಗೂ ದೇಶದಲ್ಲಿ ಎಲ್ಲಿ ಜಿಗಿಹುಳದ ಪರೀಕ್ಷೆ ನಡೆದರೂ ನಿರೋಧಕ ತಳಿಯ ಅಳತೆಗೋಲು ಪಿಟಿಬಿ 33, ಸುಲಭವಾಗಿ ಬಲಿಯಾಗುವ ತಳಿಯ ಅಳತೆಗೋಲು ತೈವಾನಿನ ಟಿಎನ್ 1. ಜಗತ್ತಿನ ತಳಿವಿಜ್ಞಾನಿಗಳಿಗೆ ಬೇಕಾದ ಭತ್ತ ನಮ್ಮ ಪಶ್ಚಿಮ ಕರಾವಳಿಯ ಮಳೆಗದ್ದೆಯಲ್ಲಿ, ಯಾರದೋ ಅಜ್ಜ ಬೀಜಕ್ಕೆಂದು ಎತ್ತಿಟ್ಟ ತೆನೆಯಿಂದ ಬಂದದ್ದು.

ಇಲ್ಲೊಂದು ಮಾತು. ಆಟಿಯಲ್ಲಿ ಗದ್ದೆಗೆ ಕಾಸರಕನ ಕೊಂಬೆ ನೆಡುವ ಕ್ರಮ ತುಳುನಾಡಿನ ಕೆಲವು ಊರುಗಳಲ್ಲಿದೆ. ಕಾಸರಕ ಕಡು ಕಹಿ, ವಿಷವೂ ಹೌದು. ಅದರ ರಸ ನೀರಿಗಿಳಿದು ಹುಳ ಓಡುತ್ತದೆ ಎಂಬ ವಿವರಣೆಯನ್ನು ಈಗೀಗ ಕೇಳುತ್ತೇನೆ. ಕೆಲವು ಕೊಂಬೆಗಳಿಂದ ಎಕರೆಗಟ್ಟಲೆ ನೀರಿಗೆ ಅಷ್ಟು ರಸ ಇಳಿಯುವುದಿಲ್ಲ. ಕೊಂಬೆಯ ಮೇಲೆ ಕಾಜಾಣ ಬಂದು ಕೂತು ಹುಳ ಹಿಡಿದರೆ ಅದು ನೇರ ಉಪಕಾರ. ಆಚರಣೆಗೆ ತನ್ನದೇ ಗೌರವವಿದೆ, ಅದನ್ನು ಉಳಿಸಲು ಇಲ್ಲದ ವಿಜ್ಞಾನವನ್ನು ಅಂಟಿಸಬೇಕಾಗಿಲ್ಲ. ಇರುವ ವಿಜ್ಞಾನ ಬೀಜದ ಮುಡಿಯಲ್ಲಿದೆ.

ಆ ಮುಡಿಗಳನ್ನು ಕಾಯ್ದವರು ನಮ್ಮ ನಡುವೆ ಇದ್ದಾರೆ. ಕಾಸರಗೋಡು ಜಿಲ್ಲೆಯ ಗಡಿಗ್ರಾಮದಲ್ಲಿ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ, ರಾಜಕಯಮೆ ತಳಿಯನ್ನು ಮೂರು ರಾಜ್ಯಗಳಿಗೆ ಹಂಚಿದ್ದಾರೆ, 2024ರಲ್ಲಿ ಪದ್ಮಶ್ರೀ ಪಡೆದಿದ್ದಾರೆ. ಬೆಳ್ತಂಗಡಿ ತಾಲೂಕಿನ ಮಿತ್ತಬಾಗಿಲಿನಲ್ಲಿ ಬಿ.ಕೆ. ದೇವರಾವ್ ಅವರು ನೂರೈವತ್ತಕ್ಕೂ ಹೆಚ್ಚು ತಳಿಗಳನ್ನು ಗದ್ದೆಯಲ್ಲೇ ಬೆಳೆಸಿ ಉಳಿಸಿದವರು. ಗದ್ದೆಯಲ್ಲಿ ಬೆಳೆಸಿ ಎಂಬುದು ದೊಡ್ಡ ಮಾತು. ಶೀತಕೋಠಿಯಲ್ಲಿಟ್ಟ ಬೀಜ ಕೀಟವನ್ನು ಕಾಣುವುದಿಲ್ಲ. ಗದ್ದೆಗಿಳಿಯುವ ಬೀಜ ಈ ಊರಿನ ಹುಳದೊಂದಿಗೆ, ಈ ಊರಿನ ಮಳೆಯೊಂದಿಗೆ ವರ್ಷ ವರ್ಷ ಹೆಣಗುತ್ತ ಬಂದಿದೆ. ಕಯಮೆ, ಅತಿಕಾಯ, ಗಂಧಸಾಲೆ ಎಂದಾಗ ನಾವು ರುಚಿ, ಪರಿಮಳ, ಔಷಧಿಗುಣ ಕೇಳುತ್ತೇವೆ. ಅದರ ರಸ ಜಿಗಿಹುಳಕ್ಕೆ ಹಿಡಿಸುತ್ತದೆಯೇ ಎಂದೂ ಕೇಳಬೇಕು. ಬೇರಿನ ವಾಸನೆ ಕಳೆದುಕೊಂಡ ಅಮೆರಿಕದ ಮೆಕ್ಕೆಜೋಳದ ಗತಿ ಇವಕ್ಕೆ ಬರುವ ಮೊದಲು ಕೇಳಬೇಕು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಜಿಗಿಹುಳು ಎಷ್ಟು ಹೀರಿತು ಎಂದು ತಿಳಿಯಲು ಅದು ವಿಸರ್ಜಿಸಿದ ಸಿಹಿರಸವನ್ನು ಅಳೆದರೆ ಸಾಕು. ಸೋಸುಕಾಗದವನ್ನು ಬ್ರೋಮೊಕ್ರೆಸಾಲ್ ಗ್ರೀನ್ ದ್ರಾವಣದಲ್ಲಿ ಅದ್ದಿ ಒಣಗಿಸಿ, ಕುಂಡದಲ್ಲಿ ಬೆಳೆದ ಗಿಡದ ಬುಡಕ್ಕೆ ಹೊಂದಿಸಿಡಬೇಕು. ಕೆಲವು ಗಂಟೆ ಹಸಿದ ಹೆಣ್ಣು ಹುಳಗಳನ್ನು ಒಂದು ಪಾರದರ್ಶಕ ಲೋಟದೊಳಗೆ ಗಿಡದ ಮೇಲೆ ಬಿಡಬೇಕು. 24 ಗಂಟೆ ಕಳೆದು ಕಾಗದ ತೆಗೆದರೆ, ಆಹಾರನಾಳದ ರಸ ಹೀರಿದ್ದರೆ ಸಿಹಿರಸ ಬಿದ್ದಲ್ಲೆಲ್ಲ ನೀಲಿ ಚುಕ್ಕೆ. ಗ್ರಾಫ್ ಕಾಗದವಿಟ್ಟು ಚುಕ್ಕೆಯ ವಿಸ್ತಾರ ಎಣಿಸಬಹುದು. ಟಿಎನ್ 1ರ ಕಾಗದ ನೀಲಿಯಿಂದ ತುಂಬಿರುತ್ತದೆ, ಪಿಟಿಬಿ 33ರ ಕಾಗದದಲ್ಲಿ ಹುಡುಕಬೇಕಾಗುತ್ತದೆ. ಇವೆರಡರ ನಡುವೆ ನಮ್ಮ ಒಂದೊಂದು ತಳಿಯೂ ಎಲ್ಲಿ ನಿಲ್ಲುತ್ತದೆ ಎಂದು ಪದವಿ ತರಗತಿಯ ವಿದ್ಯಾರ್ಥಿಗಳೇ ಪಟ್ಟಿ ಮಾಡಬಹುದು. ಚುಕ್ಕೆ ಕಡಿಮೆ ಬಿದ್ದ ತಳಿಗಳ ರಸದಲ್ಲಿ ಏನಿದೆ ಎಂದು ಬಿಡಿಸಿ ನೋಡಲು ಕ್ರೊಮಟೊಗ್ರಫಿ ಯಂತ್ರಗಳಿರುವ ಪ್ರಯೋಗಾಲಯಗಳು ಇದೇ ನಗರದ ಕಾಲೇಜುಗಳಲ್ಲಿವೆ.

ಈ ದತ್ತಿಯನ್ನು ಸ್ಥಾಪಿಸಿದ ಕುಟುಂಬದ ಹಿರಿಯರಲ್ಲಿ, ಇಲ್ಲಿರುವ ಪ್ರಾಧ್ಯಾಪಕರಲ್ಲಿ ನನ್ನ ಕೋರಿಕೆ ಹೀಗಿದೆ. ಏಣೆಲು ಕೊಯ್ಲು ಮುಗಿದ ಮೇಲೆ ತಳಿ ಸಂರಕ್ಷಕರ ಬಳಿಗೆ ಹೋಗಿ, ಅವರ ಒಪ್ಪಿಗೆ ಪಡೆದು, ತಳಿಯ ಹೆಸರು, ಊರು, ಬೈಲು ಗದ್ದೆಯದೋ ಮಜಲು ಗದ್ದೆಯದೋ ಬೆಟ್ಟು ಗದ್ದೆಯದೋ ಎಂಬ ವಿವರದೊಂದಿಗೆ ಹಿಡಿಹಿಡಿ ಬೀಜ ಕೇಳಿ ತರಬೇಕು. ಮೊದಲ ವರ್ಷಕ್ಕೆ ಇಪ್ಪತ್ತು ತಳಿ ಸಾಕು. ಕಂಡ ಫಲಿತಾಂಶ ಕನ್ನಡದಲ್ಲಿ ಬರೆದು, ಬೀಜ ಕೊಟ್ಟ ಮನೆಗೇ ಮೊದಲು ತಲುಪಿಸಬೇಕು. ಸುಗ್ಗಿ ಬೆಳೆಗೆ ನೇಜಿ ಹಾಕುವ ಹೊತ್ತಿಗೆ ಕುಂಡಗಳಲ್ಲೂ ಬೀಜ ಬಿತ್ತಿದರೆ ಇದೇ ಶೈಕ್ಷಣಿಕ ವರ್ಷದಲ್ಲಿ ಮೊದಲ ಕಾಗದಗಳನ್ನು ಓದಬಹುದು.